ಕಡಲ ಹೂವಿಗೆ ಬಿದ್ದ ತಪ್ಪು ಹೆಸರು

ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವವರಿಗೆ ಹೆಸರಿನ ತಪ್ಪು ಎಷ್ಟು ದೂರ ಹೋಗುತ್ತದೆಂಬುದು ಗೊತ್ತು. ಸರ್ವಿಸ್ ಬುಕ್ಕಿನಲ್ಲಿ ಒಂದು ಹೆಸರು, ಪೆನ್ಶನ್ ಕಾಗದದಲ್ಲಿ ಇನ್ನೊಂದು ಇದ್ದರೆ ನಿವೃತ್ತರಾದವರು ತಿಂಗಳುಗಟ್ಟಲೆ ಅಲೆಯಬೇಕು. ಮುಂಬಯಿಗೆ ಬಂದ ನಮ್ಮವರಿಗಂತೂ ಇದು ಹಳೆಯ ಅನುಭವ. ಅಡ್ಡಹೆಸರು ಏನೆಂದು ಕೇಳುತ್ತಾರೆ. ಏನೂ ತೋಚದೆ ಊರಿನ ಹೆಸರು ಹೇಳುತ್ತೇವೆ. ಅದೇ ಮಕ್ಕಳ ಕಾಲಕ್ಕೂ ಅಂಟಿಕೊಳ್ಳುತ್ತದೆ.

ಈಚೆಗೆ ಮಗಳೊಡನೆ ಬಣ್ಣದ ಮೀನು ಮಾರುವ ಒಂದು ಅಂಗಡಿಗೆ ಹೋಗಿದ್ದೆ. ಉಪ್ಪುನೀರಿನ ತೊಟ್ಟಿಯೊಂದರಲ್ಲಿ ಹಾಲಿನಷ್ಟು ಬೆಳ್ಳಗಿನ ಕಡಲ ಹೂ ಇತ್ತು. ಇಂಗ್ಲಿಷಿನಲ್ಲಿ ಇದನ್ನು ಸೀ ಅನಿಮೋನ್ ಎನ್ನುತ್ತಾರೆ. ಹೂವಿನಂತೆ ಕಂಡರೂ ಇದು ಪ್ರಾಣಿ. ಬಾಯಿಯ ಸುತ್ತಲಿನ ಎಸಳುಗಳೆಲ್ಲ ಬೇಟೆ ಹಿಡಿಯುವ ಕರಬಳ್ಳಿಗಳು. ಚೀಟಿಯಲ್ಲಿ ‘ಸೆಬೇ’ ಎಂದು ಬರೆದಿತ್ತು. “ಅಪ್ಪಾ, ಇದು ಬಿಳಿ ಜಾತಿಯದೇ?” ಎಂದು ಮಗಳು ಕೇಳಿದಳು. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ್ದರೂ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಹುಡುಕಿದಾಗ, ಆ ಚೀಟಿಯ ಹಿಂದೆ ಇನ್ನೂರೈವತ್ತು ವರ್ಷಗಳ ಕಥೆಯೇ ಇರುವುದು ತಿಳಿಯಿತು.

1761ರಲ್ಲಿ ಡೆನ್ಮಾರ್ಕಿನ ದೊರೆ ಅರಬಸ್ಥಾನಕ್ಕೆ ಆರು ಜನರ ತಂಡವೊಂದನ್ನು ಕಳುಹಿಸಿದ. ಅದರಲ್ಲಿದ್ದ ಪೀಟರ್ ಫೋರ್ಸ್ಕೋಲ್ ಎಂಬ ಜೀವವಿಜ್ಞಾನಿ ಕೆಂಪು ಸಮುದ್ರದ ಪ್ರಾಣಿಗಳನ್ನು ಕುರಿತು ಟಿಪ್ಪಣಿ ಬರೆದಿಟ್ಟು, 1763ರಲ್ಲಿ ಯೆಮೆನ್ ದೇಶದಲ್ಲಿ ಜ್ವರದಿಂದ ತೀರಿಕೊಂಡ. ಆರು ಜನರಲ್ಲಿ ಬದುಕಿ ಊರು ಸೇರಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಅವನು 1763–64ರಲ್ಲಿ ನಮ್ಮ ಮುಂಬಯಿಯಲ್ಲೇ ತಂಗಿ, ಎಲಿಫೆಂಟಾ ಗುಹೆಗಳ ಚಿತ್ರಗಳನ್ನು ಬರೆದುಕೊಂಡು ಹೋದವನು. ಸತ್ತ ಗೆಳೆಯನ ಟಿಪ್ಪಣಿಗಳನ್ನು ಅವನು 1775ರಲ್ಲಿ ಅಚ್ಚು ಹಾಕಿಸಿದ. ಇಂದಿಗೂ ‘ಗಿಗಾಂಟಿಯ’ ಎಂಬ ಹೆಸರಿನಿಂದ ಕರೆಯುವ ದೈತ್ಯ ಕಡಲ ಹೂವಿಗೆ ಆ ಹೆಸರು ಬಂದದ್ದು ಆ ಪುಸ್ತಕದಿಂದ. ಮುಂದೆ 1834ರಲ್ಲಿ ಏರೆನ್‌ಬರ್ಗ್ ಎಂಬ ಜರ್ಮನ್ ವಿದ್ವಾಂಸನು ಕೆಂಪು ಸಮುದ್ರದ ಇನ್ನೊಂದಕ್ಕೆ ‘ಕ್ರಿಸ್ಪ’ ಎಂದು ಹೆಸರಿಟ್ಟ. ನಾವು ಅಂಗಡಿಯಲ್ಲಿ ಕಂಡದ್ದು ಈ ಕ್ರಿಸ್ಪವೇ ಎಂದು ಆಮೇಲೆ ತಿಳಿಯಿತು.

ಹೆಸರುಗಳು ಕಲಸಿಹೋದದ್ದು ಇದರ ಮುಂದೆ. ಕಡಲ ಹೂವಿಗೆ ಚಿಪ್ಪಿಲ್ಲ, ಎಲುಬಿಲ್ಲ. ಔಷಧಿ ನೀರಿನ ಜಾಡಿಗೆ ಹಾಕಿದರೆ ಕುಗ್ಗಿ, ಬಣ್ಣ ಕಳೆದುಕೊಂಡು ಮುದ್ದೆಯಾಗುತ್ತದೆ. ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಕುಳಿತ ವಿದ್ವಾಂಸರು ಇಂಥ ಮುದ್ದೆಗಳನ್ನು ನೋಡಿ ಒಂದೇ ಪ್ರಾಣಿಗೆ ಹಲವು ಹೆಸರಿಟ್ಟರು. ಈ ಗೊಂದಲವನ್ನು ಬಹುಮಟ್ಟಿಗೆ ಬಿಡಿಸಿದವರು ಅಮೆರಿಕದ ಡಾಫ್ನಿ ಡನ್. ಮುಂದೆ ಇವರು ಡಾಫ್ನಿ ಫಾಟಿನ್ ಎಂದು ಹೆಸರಾದರು. ಹಳೆಯ ಜಾಡಿಗಳನ್ನೂ ಕಡಲಿನ ಜೀವಂತ ಪ್ರಾಣಿಗಳನ್ನೂ ತಾಳೆ ನೋಡಿ, ಕೋಡಂಗಿ ಮೀನುಗಳಿಗೆ ಆಸರೆ ಕೊಡುವ ಕಡಲ ಹೂಗಳು ಹತ್ತೇ ಜಾತಿ ಎಂದು 1981ರ ತಮ್ಮ ಗ್ರಂಥದಲ್ಲಿ ತೋರಿಸಿದರು. 2003ರ ‘ಫೈಂಡಿಂಗ್ ನೀಮೋ’ ಚಿತ್ರ ನೋಡಿದ ಮಕ್ಕಳಿಗೆ ಆ ಮೀನಿನ ಪರಿಚಯ ಬೇಕಿಲ್ಲ.

ವಿದ್ವಾಂಸರ ಲೆಕ್ಕ ಸರಿಹೋಯಿತು, ಪೇಟೆಯದು ಸರಿಹೋಗಲಿಲ್ಲ. ‘ಸೆಬೇ’ ಎಂಬುದು ನಿಜವಾಗಿ ಒಂದು ಕೋಡಂಗಿ ಮೀನಿನ ಹೆಸರು. ನಮ್ಮ ದೇಶದ ಕಡಲಿನಲ್ಲೂ ಇರುವ ಮೀನು ಅದು. ಆ ಹೆಸರನ್ನು ವ್ಯಾಪಾರಿಗಳು ಕಡಲ ಹೂವಿಗೆ ಅಂಟಿಸಿದರು. ಸೋಜಿಗವೆಂದರೆ, ಸೆಬೇ ಮೀನು ಕಡಲಿನಲ್ಲಿ ಸಾಮಾನ್ಯವಾಗಿ ಮನೆ ಮಾಡುವುದು ಮರಳಿನ ಮೇಲೆ ಜಮಖಾನೆಯಂತೆ ಹಾಸಿಕೊಳ್ಳುವ ಹ್ಯಾಡೊನಿ ಎಂಬ ಬೇರೆಯೇ ಜಾತಿಯಲ್ಲಿ! ಕ್ರಿಸ್ಪವನ್ನೂ ಅದನ್ನು ಹೋಲುವ ಮಾಲುವನ್ನೂ ಒಂದೇ ‘ಸೆಬೇ’ ಚೀಟಿಯಡಿ ಮಾರುತ್ತಾರೆ. ಅಂಗಡಿಯವರನ್ನು ಬೈದು ಫಲವಿಲ್ಲ. ಸಗಟು ವ್ಯಾಪಾರಿಯ ಪಟ್ಟಿಯಲ್ಲಿದ್ದುದನ್ನು ಅವರು ನಕಲು ಮಾಡಿದ್ದಾರೆ. ಮೂಲ ನೋಡದೆ ನಕಲು ಮಾಡುವುದು ನಮ್ಮ ಕಚೇರಿಗಳಿಗೇನು ಹೊಸದೇ?

ಹಾಗಾದರೆ ಗುರುತಿಸುವುದು ಹೇಗೆ? ಮೇಲಿನ ಎಸಳುಗಳ ಅಂದಕ್ಕೆ ಮರುಳಾಗದೆ ಬುಡ ನೋಡಬೇಕು. ಕ್ರಿಸ್ಪದ ಕಾಂಡ ಬೂದುಬಣ್ಣದ ತೊಗಲಿನಂತಿದ್ದು, ಅದರ ಮೇಲೆ ನರಹುಲಿಯಂಥ ಅಂಟುಗುಳ್ಳೆಗಳಿರುತ್ತವೆ. ಅದರಂತೆಯೇ ಉದ್ದ ಕರಬಳ್ಳಿಗಳಿರುವ ಡೋರಿಯೆನ್ಸಿಸ್ ಎಂಬುದರ ಕಾಂಡದ ಕೆಳಭಾಗ ಕಿತ್ತಳೆ ಅಥವಾ ಕೆಂಪು; ಅದು ಮರಳು, ಕೆಸರಿನಲ್ಲಿ ಕಾಲು ಹೂತು ಕೂರುತ್ತದೆ. ಕರಬಳ್ಳಿಯ ತುದಿಯಲ್ಲಿ ಗುಳ್ಳೆ ಮೂಡಿಸುವ ಕ್ವಾಡ್ರಿಕಲರಿನ ಕಾಂಡದಲ್ಲಿ ನರಹುಲಿಗಳಿಲ್ಲ. ಅದಕ್ಕೆ ಕಾಲಿಡಲು ಬಂಡೆಯ ಬಿರುಕು ಬೇಕು. ತೊಟ್ಟಿಯಲ್ಲಿ ಅದರ ಗುಳ್ಳೆಗಳು ಮಾಯವಾಗುವುದುಂಟು. ಆಗ ಅದನ್ನೂ ಬೇರೆ ಹೆಸರಿನಿಂದ ಮಾರುತ್ತಾರೆ.

ಹೆಸರು ತಪ್ಪಿದರೆ ಉಪಚಾರವೂ ತಪ್ಪುತ್ತದೆ. ಮರಳು ಬೇಕಾದುದನ್ನು ಬಂಡೆಯ ಮೇಲೆ ಇಟ್ಟರೆ ಅದು ನೆಲೆ ಸಿಗದೆ ತೊಟ್ಟಿಯೆಲ್ಲ ಅಲೆದು ಸೊರಗುತ್ತದೆ. ಇನ್ನು ಆ ಬಿಳುಪು! ಈ ಪ್ರಾಣಿಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸಿಸುತ್ತವೆ. ಬಿಸಿಲಿನಿಂದ ಆಹಾರ ತಯಾರಿಸಿ ಒಡೆಯನಿಗೂ ಕೊಡುತ್ತವೆ. ಕಂದು ಛಾಯೆ ಅವುಗಳದೇ. ಸಾಗಾಟದ ಕಷ್ಟದಲ್ಲಿ, ಕತ್ತಲೆಯಲ್ಲಿ ಪಾಚಿ ಹೊರಟುಹೋದರೆ ಮೈ ಬೆಳ್ಳಗಾಗುತ್ತದೆ. ನನ್ನ ಮಗಳು ಜಾತಿ ಎಂದುಕೊಂಡದ್ದು ರೋಗಿಯ ಬಣ್ಣ. ಇಂಥವುಗಳಿಗೆ ಹಳದಿ, ಗುಲಾಬಿ ಬಣ್ಣ ಹಾಕಿ ಮಾರುವುದೂ ಉಂಟು.

ಸರಿಯಾಗಿ ಅರಿತು ಸಾಕಿದರೆ ಕಡಲ ಹೂವಿನ ಆಯುಸ್ಸು ಬೆರಗು ಹುಟ್ಟಿಸುವಂಥದು. ಸ್ಕಾಟ್ಲೆಂಡಿನ ಸರ್ ಜಾನ್ ಡಾಲ್ಯೆಲ್ 1828ರಲ್ಲಿ ತಮ್ಮ ಕಡಲತೀರದಿಂದ ತಂದ ಒಂದು ಕಡಲ ಹೂ, ಅವರು ತೀರಿಕೊಂಡ ಮೇಲೂ ಕೈಯಿಂದ ಕೈಗೆ ದಾಟಿ, ‘ಅಜ್ಜಿ’ ಎಂಬ ಹೆಸರು ಪಡೆದು, ಗಾಜಿನ ಪಾತ್ರೆಯಲ್ಲಿಯೇ 1887ರವರೆಗೆ ಬದುಕಿತ್ತು. ಐವತ್ತೊಂಬತ್ತು ವರ್ಷ! ಅಜ್ಜಿಯದು ತಣ್ಣೀರಿನ ಗಟ್ಟಿ ಜಾತಿ, ನಿಜ. ಆದರೂ ಸಾಕಿದವರಿಗೆ ತಮ್ಮ ಕೈಯಲ್ಲಿರುವುದು ಏನೆಂದು ಗೊತ್ತಿತ್ತು.

ವಿಜ್ಞಾನಿಗಳೂ ತಮ್ಮ ಕಡತ ಮುಚ್ಚಿಲ್ಲ. ವಂಶವಾಹಿಗಳನ್ನು ಪರೀಕ್ಷಿಸಿದ ಮೇಲೆ 2024ರ ಪರಿಷ್ಕರಣೆಯಲ್ಲಿ ಹೆಟೆರಾಕ್ಟಿಸ್ ಕ್ರಿಸ್ಪವು ರೇಡಿಯಾಂಥಸ್ ಕ್ರಿಸ್ಪ ಆಯಿತು. ಹೀಗೆ ಕಾರಣ ತೋರಿಸಿ, ದಾಖಲೆ ಇಟ್ಟು ಬದಲಿಸಿದ ಹೆಸರಿನಿಂದ ತೊಂದರೆಯಿಲ್ಲ. ಹಳೆಯದರ ಜಾಡು ಹಿಡಿದು ಹೊಸದನ್ನು ಮುಟ್ಟಬಹುದು.

ಮಗಳಿಗೆ ಇದನ್ನೆಲ್ಲ ಹೇಳಿದೆ. ಮರುವಾರ ಇಬ್ಬರೂ ಹೋದಾಗ ಆ ತೊಟ್ಟಿ ಖಾಲಿಯಾಗಿತ್ತು. ಚೀಟಿ ಮಾತ್ರ ಇತ್ತು. ಯಾರೋ ಕೊಂಡರೋ, ಸತ್ತಿತೋ, ಕೇಳಲು ಅವಳಿಗೆ ಮನಸ್ಸಾಗಲಿಲ್ಲ. ಮಕ್ಕಳ ಆಸೆಗೆ ಇಂಥದನ್ನು ಮನೆಗೆ ತರಬೇಕೆನ್ನುವ ಬಂಧುಗಳು ಚೀಟಿಯನ್ನು ನಂಬದೆ ಬುಡವನ್ನೂ ಬಣ್ಣವನ್ನೂ ಪರೀಕ್ಷಿಸಲಿ. ಗುರುತು ಸಿಗದಿದ್ದರೆ ಕೊಳ್ಳದೆ ಬರುವುದೇ ಲೇಸು.