ಕರ್ನಾಟಕದಲ್ಲಿ ತಂಬಾಕು ನಿಯಂತ್ರಣ

ಕರ್ನಾಟಕದಲ್ಲಿ ತಂಬಾಕು ಉತ್ಪನ್ನಗಳ ಮಾರಾಟ, ಜಾಹೀರಾತು ಮತ್ತು ಸಾರ್ವಜನಿಕ ಸೇವನೆಯನ್ನು ಮುಖ್ಯವಾಗಿ ಕೇಂದ್ರದ 2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ (ಕೋಟ್ಪಾ) ಹಾಗೂ ಅದಕ್ಕೆ ರಾಜ್ಯವು ತಂದ ತಿದ್ದುಪಡಿ ನಿಯಂತ್ರಿಸುತ್ತವೆ. ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ಸಾವಿರಾರು ರೈತರಿಗೆ ಹೊಗೆಸೊಪ್ಪೇ ವಾಣಿಜ್ಯ ಬೆಳೆಯಾಗಿರುವುದರಿಂದ, ಇಲ್ಲಿ ಈ ನೀತಿಯು ಕೇವಲ ಆರೋಗ್ಯದ ವಿಷಯವಾಗಿ ಉಳಿದಿಲ್ಲ.

ಬಳಕೆಯ ಪ್ರಮಾಣ
2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ. 22.8ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರಿಗಿಂತ ಜಗಿಯುವವರೇ ಹೆಚ್ಚು. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಳ್ಳುವುದು ಹಳೆಯ ರೂಢಿ. ಗುಟ್ಕಾವನ್ನು ರಾಜ್ಯ ಸರ್ಕಾರವು 2013ರ ಮೇ 31ರಂದು ನಿಷೇಧಿಸಿತು. ಪಾನ್ ಮಸಾಲಾ ಮತ್ತು ತಂಬಾಕನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಮಾರುವ ಪದ್ಧತಿಯು ಈ ನಿಷೇಧವನ್ನು ಬಹುಮಟ್ಟಿಗೆ ಸಡಿಲಗೊಳಿಸಿತು.

2024ರ ತಿದ್ದುಪಡಿ
2024ರ ಫೆಬ್ರವರಿಯಲ್ಲಿ ವಿಧಾನಮಂಡಲವು ಅಂಗೀಕರಿಸಿದ ತಿದ್ದುಪಡಿ ಮಸೂದೆಯು ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇ ತಿಂಗಳಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಇದರಂತೆ ತಂಬಾಕು ಕೊಳ್ಳುವವರ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿತು. ಸಾರ್ವಜನಿಕ ಸ್ಥಳದಲ್ಲಿನ ಸೇವನೆಗೆ ದಂಡವು 200 ರೂಪಾಯಿಗಳಿಂದ 1,000 ರೂಪಾಯಿಗಳವರೆಗೆ ಹೆಚ್ಚಿತು. ಹುಕ್ಕಾ ಬಾರ್ ನಡೆಸುವವರಿಗೆ ಒಂದರಿಂದ ಮೂರು ವರ್ಷಗಳ ಸೆರೆವಾಸವನ್ನು ವಿಧಿಸಬಹುದು. ಬಿಡಿ ಸಿಗರೇಟು ಮಾರಾಟವನ್ನೂ, ಶಾಲಾ ಕಾಲೇಜುಗಳಿಂದ 100 ಮೀಟರ್ ಒಳಗಿನ ಮಾರಾಟವನ್ನೂ ಕಾಯ್ದೆ ನಿಷೇಧಿಸುತ್ತದೆ. ಅನ್ನಪೂರ್ಣೇಶ್ವರಿ ನಗರದಂತಹ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಶಾಲೆ, ಬೇಕರಿ, ಟೀ ಅಂಗಡಿಗಳು ಅಕ್ಕಪಕ್ಕದಲ್ಲಿರುವುದೂ, ಟೀಯೊಡನೆ ಒಂದೇ ಸಿಗರೇಟು ಕೊಳ್ಳುವುದೂ ಸಾಮಾನ್ಯ. ಈ ಎರಡು ನಿಯಮಗಳ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ.

ಸಶಸ್ತ್ರ ಪಡೆಗಳು
ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನಾ ಸರಬರಾಜು ದಳ ಮತ್ತು ಪ್ಯಾರಾಶೂಟ್ ರೆಜಿಮೆಂಟ್‌ಗಳ ತರಬೇತಿ ಕೇಂದ್ರಗಳು ಬೆಂಗಳೂರಿನಲ್ಲಿವೆ. 2022ರ ಅಗ್ನಿಪಥ ಯೋಜನೆಯಲ್ಲಿ ಹದಿನೇಳೂವರೆ ವರ್ಷ ತುಂಬಿದವರು ಸೇನೆ ಸೇರಬಹುದಾದ್ದರಿಂದ, ತರಬೇತಿಯಲ್ಲಿರುವ ಅನೇಕರು 21ಕ್ಕಿಂತ ಕಿರಿಯರು. ಬಂದೂಕು ಹಿಡಿಯಬಲ್ಲ ಇಂತಹ ಸೈನಿಕನಿಗೆ ನಗರದ ಅಂಗಡಿಯವನು ಸಿಗರೇಟು ಮಾರುವಂತಿಲ್ಲ. ವಯೋಮಿತಿಯು ಕೊಳ್ಳುವವನ ವೃತ್ತಿಯನ್ನು ನೋಡುವುದಿಲ್ಲ. ಅಮೆರಿಕವು 2019ರ ಡಿಸೆಂಬರಿನಲ್ಲಿ 21ರ ವಯೋಮಿತಿ ತಂದಾಗಲೂ ಸೈನಿಕರಿಗೆ ವಿನಾಯಿತಿ ನೀಡಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅದೇ ದೇಶದ ಸೇನೆಯು ಯೋಧರ ಆಹಾರದ ಪೊಟ್ಟಣದೊಳಗೇ ಸಿಗರೇಟನ್ನು ಇಟ್ಟು ಹಂಚುತ್ತಿತ್ತು. ಆ ಪದ್ಧತಿ ನಿಂತದ್ದು 1975ರಲ್ಲಿ.