ವೈಶಿಕಶಾಸ್ತ್ರ

ವೈಶಿಕವೆಂದರೆ ವೇಶಕ್ಕೆ, ಅಂದರೆ ಗಣಿಕೆಯರು ನೆಲೆಸಿದ್ದ ಕೇರಿಗೆ, ಸಂಬಂಧಿಸಿದ ವಿದ್ಯೆ. ಗಂಡಸಿನ ಮನಸ್ಸನ್ನು ಸೆಳೆಯುವುದು, ಸೆಳೆದವನನ್ನು ಉಳಿಸಿಕೊಳ್ಳುವುದು, ಅವನಿಂದ ಹಣ ಪಡೆಯುವುದು, ಕೈ ಬರಿದಾದ ಮೇಲೆ ಅವನನ್ನು ಸಾಗಹಾಕುವುದು ಎಂಬ ನಾಲ್ಕು ಕೆಲಸಗಳ ಬಗೆಗಳನ್ನು ಕ್ರಮವಾಗಿ ವಿವರಿಸುವ ಕಾಮಶಾಸ್ತ್ರದ ಶಾಖೆಗೆ ಪ್ರಾಚೀನ ಭಾರತದಲ್ಲಿ ಈ ಹೆಸರು ರೂಢಿಯಾಯಿತು. ಉಡುಪಿನ ವೇಷ ಬೇರೆ, ಕೇರಿಯ ವೇಶ ಬೇರೆ. ಆದರೆ ಕನ್ನಡದ ಕಿವಿಗೆ ಎರಡೂ ಒಂದೇ ಎಂಬಂತೆ ಕೇಳುವುದು ಈ ವಿದ್ಯೆಯ ಮಟ್ಟಿಗೆ ಅಷ್ಟೇನೂ ಅಸಂಗತವಲ್ಲ. ಒಲವನ್ನು ನಟಿಸುವುದು ಹೇಗೆ, ನಟನೆಯನ್ನು ಗುರುತಿಸುವುದು ಹೇಗೆ, ಅಂಥ ನಟನೆಯನ್ನು ಕಲಿಸುವುದು ಸರಿಯೇ ಎಂಬ ಮೂರು ಪ್ರಶ್ನೆಗಳ ಸುತ್ತ ಈ ಶಾಸ್ತ್ರದ ಚರಿತ್ರೆ ಹೆಣೆದುಕೊಂಡಿದೆ.

ವಾತ್ಸ್ಯಾಯನನ ಕಾಮಸೂತ್ರ ಕೊಡುವ ಪರಂಪರೆಯ ಪ್ರಕಾರ, ಬಾಭ್ರವ್ಯ ಪಾಂಚಾಲನು ಏಳು ಅಧಿಕರಣಗಳಲ್ಲಿ, ಅಂದರೆ ಭಾಗಗಳಲ್ಲಿ, ಸಂಗ್ರಹಿಸಿದ್ದ ಕಾಮಶಾಸ್ತ್ರದಿಂದ ಆರನೆಯದಾದ ವೈಶಿಕವನ್ನು ಬೇರ್ಪಡಿಸಿ ಸ್ವತಂತ್ರ ಗ್ರಂಥವಾಗಿ ರಚಿಸಿದವನು ದತ್ತಕ. ಅವನು ಹಾಗೆ ಮಾಡಿದ್ದು ಪಾಟಲಿಪುತ್ರದ ಗಣಿಕೆಯರ ಕೋರಿಕೆಯಿಂದ. ಕಾಮಸೂತ್ರಕ್ಕೆ ಜಯಮಂಗಲಾ ಎಂಬ ವ್ಯಾಖ್ಯಾನ ಬರೆದ ಯಶೋಧರನು ದತ್ತಕನ ಬಗೆಗೆ ಇನ್ನೊಂದು ಐತಿಹ್ಯವನ್ನೂ ದಾಖಲಿಸಿದ್ದಾನೆ: ಶಾಪದಿಂದ ಕೆಲಕಾಲ ಹೆಣ್ಣಾಗಿ, ಮತ್ತೆ ಗಂಡಾದ ಕಾರಣ ಅವನಿಗೆ ಎರಡೂ ಬದಿಯ ಅನುಭವವಿತ್ತಂತೆ. ಹೆಂಗಸರ ಕಸುಬಿನ ಬಗೆಗೆ ಗಂಡಸು ಅಧಿಕಾರವಾಣಿಯಿಂದ ಬರೆಯುವುದು ಹೇಗೆಂಬ ಅನುಮಾನ ಅಂದಿನವರಿಗೂ ಇದ್ದಿರಬೇಕು. ಕಥೆ ಹುಟ್ಟಿದ್ದು ಆ ಅನುಮಾನಕ್ಕೆ ಉತ್ತರವಾಗಿಯೇ ಎಂದು ಊಹಿಸಬಹುದು.

ದತ್ತಕಸೂತ್ರಕ್ಕೆ ಕರ್ನಾಟಕದೊಡನೆ ನೇರ ನಂಟಿದೆ. ತಲಕಾಡಿನ ಗಂಗರ ತಾಮ್ರಶಾಸನಗಳು ಕೊಂಗುಣಿವರ್ಮನ ಮಗನಾದ ಮಾಧವನನ್ನು ದತ್ತಕಸೂತ್ರಕ್ಕೆ ವೃತ್ತಿ, ಅಂದರೆ ವಿವರಣೆ, ಬರೆದವನೆಂದು ಕೊಂಡಾಡುತ್ತವೆ. ಅದೇ ಪ್ರಶಸ್ತಿಯಲ್ಲಿ, ಅದರ ಒತ್ತಿನಲ್ಲೇ, ನೀತಿಶಾಸ್ತ್ರವನ್ನು ಹೇಳುವುದರಲ್ಲೂ ಆಚರಣೆಗೆ ತರುವುದರಲ್ಲೂ ಅವನು ನಿಪುಣನೆಂಬ ವಿಶೇಷಣ ಬರುತ್ತದೆ. ಇಲ್ಲಿ ನೀತಿಯೆಂದರೆ ರಾಜನೀತಿ. ಎದುರಾಳಿಯ ಮನಸ್ಸನ್ನು ಓದಿ ಅದನ್ನು ತನಗೆ ಬೇಕಾದ ಕಡೆಗೆ ತಿರುಗಿಸುವುದು ಎರಡು ಶಾಸ್ತ್ರಗಳಿಗೂ ಸಮಾನವಾದ ತಿರುಳಾದುದರಿಂದ, ಇವೆರಡನ್ನು ಒಬ್ಬನೇ ಅರಸನಲ್ಲಿ ಕಾಣುವುದರಲ್ಲಿ ಶಾಸನ ಬರೆದವನಿಗೆ ಮುಜುಗರವೇನೂ ಇದ್ದಂತಿಲ್ಲ.

ಶಾಖೆಯ ಪೂರ್ಣ ರೂಪ ದೊರೆಯುವುದು ಸಾಮಾನ್ಯವಾಗಿ 3ನೆಯ ಶತಮಾನಕ್ಕೆ ಸೇರಿಸಲಾಗುವ ಕಾಮಸೂತ್ರದ ಆರನೆಯ ಅಧಿಕರಣದಲ್ಲಿ. ಅದರ ಆರು ಅಧ್ಯಾಯಗಳ ಆರಂಭದಲ್ಲೇ ವಾತ್ಸ್ಯಾಯನ ಒಂದು ಭೇದವನ್ನು ಸ್ಥಾಪಿಸುತ್ತಾನೆ: ರತಿಗಾಗಿ ತೊಡಗುವುದು ಸ್ವಾಭಾವಿಕ, ಹಣಕ್ಕಾಗಿ ತೊಡಗುವುದು ಕೃತಕ, ಆದರೆ ಕೃತಕವಾದುದನ್ನೂ ಸ್ವಾಭಾವಿಕವೆಂಬಂತೆ ತೋರಿಸಬೇಕು, ಏಕೆಂದರೆ ತನ್ನ ಮೇಲೆ ಆಸೆಯಿದೆಯೆಂದು ಕಂಡವಳನ್ನೇ ಗಂಡಸು ನಂಬುತ್ತಾನೆ. ಆ ನಂಬಿಕೆ ಗಟ್ಟಿಯಾಗಬೇಕಾದರೆ ತನಗೆ ಹಣದಾಸೆಯಿಲ್ಲವೆಂದು ಗಣಿಕೆ ತೋರಿಸಿಕೊಳ್ಳಬೇಕು. ಹಣ ಪಡೆಯುವ ಮೊದಲ ಮೆಟ್ಟಿಲೇ ಹಣ ಬೇಡವೆನ್ನುವುದು ಎಂಬ ಈ ತಿಳಿವಳಿಕೆ ಇಡೀ ಅಧಿಕರಣದ ಬುನಾದಿ. ಯಾರನ್ನು ಆರಿಸಿಕೊಳ್ಳಬೇಕೆಂಬ ಪಟ್ಟಿಯೂ ಅಷ್ಟೇ ಸೂಕ್ಷ್ಮವಾದುದು. ಹಣವಂತ, ಸ್ವತಂತ್ರ ಮುಂತಾದ ನಿರೀಕ್ಷಿತ ಲಕ್ಷಣಗಳ ಜೊತೆಗೆ ಓರಗೆಯವರೊಡನೆ ಪೈಪೋಟಿಗೆ ಬಿದ್ದವನು, ತನ್ನನ್ನು ತಾನೇ ಹೊಗಳಿಕೊಳ್ಳುವವನು, ಗಂಡಸೆನಿಸಿಕೊಳ್ಳಲು ಹಾತೊರೆಯುವ ನಪುಂಸಕ ಇವರೂ ಅದರಲ್ಲಿ ಸೇರುತ್ತಾರೆ. ಸುಲಭವಾಗಿ ವಶವಾಗುವವನು ಕಾಮುಕನಲ್ಲ, ತನ್ನ ಬಗೆಗೆ ತನಗೇ ಅನುಮಾನವಿದ್ದು ಅದನ್ನು ಇನ್ನೊಬ್ಬರ ಬಾಯಿಂದ ಕಳೆದುಕೊಳ್ಳಬಯಸುವವನು ಎಂಬುದು ಈ ಪಟ್ಟಿಯ ಒಳದನಿ.

ಇದಕ್ಕಿಂತಲೂ ಚತುರವಾದ ಏರ್ಪಾಡು ತಾಯಿಯದು. ಗಣಿಕೆಯು ಕ್ರೂರಸ್ವಭಾವದ, ಹಣವೇ ಸರ್ವಸ್ವವೆನ್ನುವ ತಾಯಿಯ ಅಧೀನದಲ್ಲಿರಬೇಕು. ಹೆತ್ತ ತಾಯಿಯಿಲ್ಲದಿದ್ದರೆ ಆ ಸ್ಥಾನದಲ್ಲಿ ಒಬ್ಬಳನ್ನು ಇರಿಸಿಕೊಳ್ಳಬೇಕು. ನಲ್ಲನನ್ನು ಕಂಡರಾಗದಂತೆ ನಡೆದುಕೊಂಡು, ಮಗಳನ್ನು ಅವನ ಬಳಿಯಿಂದ ಬಲವಂತವಾಗಿ ಎಳೆದೊಯ್ಯುವುದು ತಾಯಿಯ ಪಾಲಿನ ಕೆಲಸ. ಮಗಳು ಅದಕ್ಕೆ ಬೇಸರ, ನಾಚಿಕೆ, ಅಂಜಿಕೆಗಳನ್ನು ತೋರಬೇಕು, ಆದರೆ ತಾಯಿಯ ಆಜ್ಞೆಯನ್ನು ಮಾತ್ರ ಮೀರಬಾರದು. ಹೀಗೆ ಲೋಭವನ್ನೆಲ್ಲ ಮುದುಕಿಯ ತಲೆಗೆ ಕಟ್ಟಿದಾಗ, ಮಗಳ ಪಾಲಿಗೆ ಅಸಹಾಯಕ ಒಲವಷ್ಟೇ ಉಳಿಯುತ್ತದೆ. ನಲ್ಲ ಕೊಡುವ ಹಣ ಅವನ ಕಣ್ಣಿಗೆ ಬೆಲೆಯಾಗಿ ಕಾಣದೆ, ಅವಳನ್ನು ಬಿಡಿಸಿಕೊಳ್ಳುವ ಸಾಹಸವಾಗಿ ಕಾಣುತ್ತದೆ. ಇಂದಿನ ಪೊಲೀಸ್ ವಿಚಾರಣೆಯಲ್ಲಿ ಗದರುವವನೊಬ್ಬ, ಸಮಾಧಾನಪಡಿಸುವವನೊಬ್ಬ ಎಂದು ಇಬ್ಬರು ಕೂರುವ ತಂತ್ರವೂ ಇದೇ ಬಗೆಯದು. ಹಣ ಕೀಳುವ ಉಪಾಯಗಳನ್ನು ಹೇಳುವ ಅಧ್ಯಾಯದಲ್ಲಿ ನಲ್ಲನ ಬಳಿಗೆ ಬರುವ ದಾರಿಯಲ್ಲಿ ಕಾವಲಿನವರೋ ಕಳ್ಳರೋ ಒಡವೆ ಕಿತ್ತುಕೊಂಡರೆಂಬ, ಮನೆಗೆ ಬೆಂಕಿ ಬಿದ್ದು ಆಸ್ತಿ ಹೋಯಿತೆಂಬ ನೆಪಗಳಿವೆ. ಅವು ತಾಯಿಯ ಏರ್ಪಾಡಿನಷ್ಟು ಬುದ್ಧಿವಂತಿಕೆಯವಲ್ಲ.

ಇಂಥ ವಿದ್ಯೆಯನ್ನು ಬರೆದಿಡುವುದಕ್ಕೆ ವಾತ್ಸ್ಯಾಯನ ಕೊಡುವ ಸಮರ್ಥನೆಗಳು ಗ್ರಂಥದಲ್ಲಿ ಅಲ್ಲಲ್ಲಿ ಚದುರಿವೆ. ಶಾಸ್ತ್ರದಲ್ಲಿ ಹೇಳಿದೆಯೆಂದ ಮಾತ್ರಕ್ಕೆ ಆಚರಿಸಬೇಕೆಂದಿಲ್ಲ. ವೈದ್ಯಗ್ರಂಥದಲ್ಲಿ ನಾಯಿಯ ಮಾಂಸದ ರುಚಿ, ಶಕ್ತಿ, ಪಚನಗುಣಗಳ ವಿವರವಿದ್ದರೂ ವಿವೇಕಿಗಳು ಅದನ್ನು ತಿನ್ನುವುದಿಲ್ಲ ಎಂಬುದು ಒಂದು. ಪರರ ಹೆಂಡಂದಿರನ್ನು ಸೆಳೆಯುವ ಬಗೆಯನ್ನು ಹೇಳುವ ಪಾರದಾರಿಕ ಎಂಬ ಐದನೆಯ ಅಧಿಕರಣದ ಕೊನೆಯಲ್ಲಿ ಬರುವುದು ಇನ್ನೊಂದು: ಇದನ್ನು ಹೇಳಿದ್ದು ಹೆಂಡತಿಯರನ್ನು ಕಾಪಾಡಿಕೊಳ್ಳುವುದಕ್ಕೆ, ಕೆಡಿಸುವುದಕ್ಕಲ್ಲ. ಎರಡನೆಯ ವಾದ ಮೊದಲನೆಯದಕ್ಕಿಂತ ದುರ್ಬಲವಾದುದು, ಏಕೆಂದರೆ ಬೀಗದ ರಚನೆ ಬೀಗ ಹಾಕುವವನಿಗೂ ಒಡೆಯುವವನಿಗೂ ಸಮನಾಗಿ ಉಪಯುಕ್ತ. ಮುಂದಿನ ಬರಹಗಾರರು ಎತ್ತಿಕೊಂಡದ್ದು ಮಾತ್ರ ಇದನ್ನೇ.

ರಾಜ್ಯಕ್ಕೆ ಅಂಥ ಸಂಕೋಚವಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಗಣಿಕಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಗಣಿಕೆಯರಿಗೆ ಹಾಡು, ವಾದ್ಯ, ನೃತ್ಯಗಳ ಜೊತೆಗೆ ವೈಶಿಕವನ್ನೂ ಪರಚಿತ್ತಜ್ಞಾನವನ್ನೂ, ಅಂದರೆ ಇನ್ನೊಬ್ಬರ ಮನಸ್ಸನ್ನು ಅರಿಯುವ ವಿದ್ಯೆಯನ್ನೂ, ಕಲಿಸುವ ಗುರುಗಳಿಗೆ ರಾಜಾದಾಯದಿಂದ ಜೀವನ ಕಲ್ಪಿಸಲು ಹೇಳುತ್ತದೆ. ಹಣ ಪಡೆದ ಮೇಲೆ ಒಲ್ಲೆನೆನ್ನುವ ಗಣಿಕೆಗೆ ಪಡೆದುದರ ಇಮ್ಮಡಿ ದಂಡ ವಿಧಿಸುವ ಅದೇ ಗ್ರಂಥ, ಸಂಘಗಳೆಂಬ ಗಣರಾಜ್ಯಗಳ ಮುಖಂಡರ ನಡುವೆ ಹೆಣ್ಣಿನ ಮೂಲಕ ಜಗಳ ಹಚ್ಚಿ ಅವನ್ನು ಒಡೆಯುವ ಉಪಾಯಗಳನ್ನು ವಿಸ್ತಾರವಾಗಿ ವಿವರಿಸುತ್ತದೆ. ಗ್ರಾಹಕನನ್ನು ವಂಚಿಸುವುದು ಅಪರಾಧ, ರಾಜನಿಗಾಗಿ ವಂಚಿಸುವುದು ಸೇವೆ.

ಇದೇ ಸೆಳೆತವನ್ನು ಅದಕ್ಕೆ ಒಳಗಾಗುವವನ ಕಡೆಯಿಂದ ನೋಡಿದ ಬರಹವೂ ಇದೆ. ಜೈನರ ಅರ್ಧಮಾಗಧಿ ಆಗಮವಾದ ಸೂತ್ರಕೃತಾಂಗದಲ್ಲಿ ಇತ್ಥೀಪರಿಣ್ಣಾ, ಅಂದರೆ ಸ್ತ್ರೀಯರನ್ನು ಕುರಿತ ಅರಿವು, ಎಂಬ ಅಧ್ಯಯನವಿದೆ. ಅದರ ಉದ್ದೇಶ ಭಿಕ್ಷುವನ್ನು ಎಚ್ಚರಿಸುವುದು. ಮೊದಲು ನೆಪ ಹೂಡಿ ಹತ್ತಿರ ಬಂದು ಆದರ ತೋರಿದವಳು, ಅವನು ವಶವಾದನೆಂದು ಖಚಿತವಾದ ಮೇಲೆ ಅವನ ತಲೆಗೆ ಕಾಲಿನಿಂದ ಒದೆಯುತ್ತಾಳೆ. ಸೌದೆ ತಾ, ಬೆನ್ನು ತಿಕ್ಕು, ಕಾಡಿಗೆಯ ಭರಣಿ ತಾ, ಬಾಚಣಿಗೆ ತಾ, ಕೊಡೆ ತಾ, ಪಾದರಕ್ಷೆ ತಾ ಎಂದು ಅಟ್ಟುತ್ತಾಳೆ. ಕೊನೆಗೆ ಆ ಮಾಜಿ ಸಂನ್ಯಾಸಿ ರಾತ್ರಿ ಎದ್ದು ದಾದಿಯಂತೆ ಮಗುವನ್ನು ಸಂತೈಸುತ್ತ, ಬಟ್ಟೆ ಒಗೆಯುತ್ತ ದಿನ ಕಳೆಯುತ್ತಾನೆ. ವೈಶಿಕದ ಮಾಯೆ ಇಲ್ಲಿ ಬಹಳ ಬೇಗ ಸಾಮಾನ್ಯ ಸಂಸಾರವಾಗಿ ಮಾರ್ಪಡುವುದನ್ನು ಗಮನಿಸಬೇಕು. ಓದುಗನಿಗೆ ನಗು ಬಂದರೆ ಅದು ಆಗಮದ ತಪ್ಪಲ್ಲ.

ಶಾಸ್ತ್ರವು ಕಾವ್ಯವಾಗಿ ತಿರುಗಿದ್ದು ಕಾಶ್ಮೀರದಲ್ಲಿ. 8ನೆಯ ಶತಮಾನದ ಕೊನೆಯಲ್ಲಿ ಆಳಿದ ಜಯಾಪೀಡನ ಮಂತ್ರಿ ದಾಮೋದರಗುಪ್ತನ ಕುಟ್ಟನೀಮತದಲ್ಲಿ, ಕಾಶಿಯ ಗಣಿಕೆ ಮಾಲತಿಯು ವಿಕರಾಲೆಯೆಂಬ ಮುದಿ ಕುಟ್ಟನಿಯ, ಅಂದರೆ ತಲೆಹಿಡುಕಿಯ, ಬಳಿ ಉಪದೇಶ ಪಡೆಯುತ್ತಾಳೆ. ವಿಕರಾಲೆ ಹೇಳುವ ಕಥೆಗಳಲ್ಲಿ ಒಂದು ಸಮರಭಟನೆಂಬ ರಾಜಕುಮಾರನನ್ನು ಮಂಜರಿ ಬರಿಗೈ ಮಾಡಿದ್ದು, ಇನ್ನೊಂದು ಹಾರಲತೆಯದು. ಸುಂದರಸೇನನನ್ನು ನಿಜವಾಗಿ ಪ್ರೀತಿಸಿದ ಹಾರಲತೆ, ಅವನು ತಂದೆಯ ಕರೆಗೆ ಓಗೊಟ್ಟು ಹೊರಟಾಗ ವಿರಹದಲ್ಲೇ ಪ್ರಾಣ ಬಿಡುತ್ತಾಳೆ. ವೇಶದ ಹೆಣ್ಣಿಗೆ ಹೃದಯವಿಲ್ಲವೆಂಬ ಮಾತನ್ನು ಸುಳ್ಳು ಮಾಡುವ ಈ ಕಥೆಯೂ ಗಿರಾಕಿಯನ್ನು ನಂಬಿಸುವ ಪಾಠದ ಸರಕಾಗಿಯೇ ಬರುತ್ತದೆಂಬುದು ದಾಮೋದರಗುಪ್ತನ ಕುಶಲತೆ: ಸತ್ಯವಾದ ಒಲವಿನ ನಿದರ್ಶನ ಸುಳ್ಳೊಲವಿಗೆ ಸಾಕ್ಷಿಯಾಗುತ್ತದೆ. ಕೊನೆಯಲ್ಲಿ ಕವಿ, ಇದನ್ನು ಓದಿದವನು ವಿಟ, ವೇಶ್ಯೆ, ಧೂರ್ತ, ಕುಟ್ಟನಿಯರಿಂದ ಮೋಸಹೋಗನೆಂದು ಭರವಸೆ ಕೊಡುತ್ತಾನೆ. 1050ರಲ್ಲಿ ಕ್ಷೇಮೇಂದ್ರ ಬರೆದ ಸಮಯಮಾತೃಕೆ ಇದೇ ಹಾದಿಯದು. ಒಪ್ಪಂದದ ಮೇಲೆ ತಾಯಿಯಾಗಿ ಬಂದವಳು ಎಂಬ ಅರ್ಥದ ಆ ಹೆಸರೇ ಕಾಮಸೂತ್ರದ ಕೃತಕ ತಾಯಿಯನ್ನು ನೆನಪಿಸುತ್ತದೆ. ಅದರಲ್ಲಿ ಹಾಗೆ ತಾಯಿಯಾಗಿ ಬರುವ ಕಂಕಾಲಿಯು ಹೆಸರು, ವೇಷಗಳನ್ನು ಬದಲಿಸುತ್ತ ಕಾಶ್ಮೀರವನ್ನೆಲ್ಲ ಸುತ್ತಿದವಳು. ದಾಮೋದರಗುಪ್ತನಲ್ಲಿರುವ ಮರುಕ ಕ್ಷೇಮೇಂದ್ರನಲ್ಲಿ ಇಲ್ಲ, ಚುಚ್ಚುವಿಕೆ ಮಾತ್ರ ಇದೆ.

ಕನ್ನಡದಲ್ಲಿ ಕಾಮಶಾಸ್ತ್ರವನ್ನು ಬರೆದವರಲ್ಲಿ 11ನೆಯ ಶತಮಾನದ ಚಂದ್ರರಾಜ ಮತ್ತು 15ನೆಯ ಶತಮಾನದ ಕಲ್ಲರಸ ಪ್ರಮುಖರು. ಮೊದಲನೆಯವನ ಕೃತಿ ಮದನತಿಲಕ, ಎರಡನೆಯವನದು ಜನವಶ್ಯ. ಆದರೆ ವೈಶಿಕದ ಪ್ರಶ್ನೆಗೆ ಕನ್ನಡ ನೀಡಿದ ನಿಜವಾದ ಉತ್ತರ ಶಾಸ್ತ್ರಗ್ರಂಥಗಳಿಂದ ಬಂದುದಲ್ಲ. ಬಾದಾಮಿಯ ಚಾಲುಕ್ಯ ವಿಜಯಾದಿತ್ಯನ (696–733) ಪ್ರಾಣವಲ್ಲಭೆ ವಿನಾಪೋಟಿಯ ಮಹಾಕೂಟದ ಶಾಸನ ಅವಳನ್ನು ಸೂಳೆಯೆಂದು ಗೌರವಾರ್ಥದ ಬಹುವಚನದಲ್ಲಿ ಹೆಸರಿಸಿ, ತಾಯಿ ಮತ್ತು ಅಜ್ಜಿಯ ಕಡೆಯಿಂದ ವಂಶಾವಳಿ ಹೇಳಿ, ಅವಳು ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಭೂಮಿಗಳನ್ನು ಕೊಟ್ಟುದನ್ನು ದಾಖಲಿಸುತ್ತದೆ. ದೇವಾಲಯ, ಕೆರೆ, ತೋಟ ಮಾಡಿಸುವುದು ಉತ್ತಮ ಗಣಿಕೆಯ ಗಳಿಕೆಯ ಗುರುತೆಂದು ವಾತ್ಸ್ಯಾಯನನೂ ಹೇಳಿದ್ದನಾದರೂ, ಅವನ ಗ್ರಂಥದ ಲೋಭಿ ತಾಯಿಗೂ ಈ ಕಲ್ಲಿನ ಮೇಲಿನ ಅಜ್ಜಿಗೂ ಬಹಳ ದೂರ. ನಿರ್ಲಜ್ಜೇಶ್ವರ ಅಂಕಿತದ, 12ನೆಯ ಶತಮಾನದ ಸೂಳೆ ಸಂಕವ್ವೆಯ ಒಂದೇ ಒಂದು ವಚನ ಉಳಿದಿದೆ. ಒಬ್ಬನಿಂದ ಒತ್ತೆ, ಅಂದರೆ ಮುಂಗಡ, ಹಿಡಿದ ಮೇಲೆ ಇನ್ನೊಬ್ಬನಿಂದ ಹಿಡಿಯಲಾರೆನೆಂಬ ತನ್ನ ಕಸುಬಿನ ಕಟ್ಟಳೆಯನ್ನೇ ಅವಳು ಭಕ್ತಿಯ ವ್ರತಕ್ಕೆ ಅಳತೆಗೋಲಾಗಿ ಬಳಸುತ್ತಾಳೆ. ಶತಮಾನಗಳ ಕಾಲ ಗಂಡಸರು ಬರೆದ ಶಾಸ್ತ್ರ ಯಾವಳನ್ನು ವಂಚನೆಯ ಮೂರ್ತಿಯೆಂದು ಚಿತ್ರಿಸಿತೋ, ಅವಳ ಬಾಯಲ್ಲಿ ಬಂದದ್ದು ಕೊಟ್ಟ ಮಾತಿನ ವಿಚಾರ.

ಆಧುನಿಕ ಕಾಲದಲ್ಲಿ ಚರ್ಚೆ ನ್ಯಾಯಾಲಯಕ್ಕೆ ಸರಿಯಿತು, ಪಾತ್ರಗಳೂ ಅದಲುಬದಲಾದವು. ವೈಶಿಕದಲ್ಲಿ ಮೋಸಹೋಗುವವನು ಗಂಡಸು, ಕಳೆದುಕೊಳ್ಳುವುದು ಹಣ. ಕಾನೂನಿನಲ್ಲಿ ಮೋಸಹೋಗುವವಳು ಹೆಣ್ಣು, ಪ್ರಶ್ನೆಯಿರುವುದು ಅವಳ ಸಮ್ಮತಿಯದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೆಯ ಕಲಮು, ಈಡೇರಿಸುವ ಉದ್ದೇಶವಿಲ್ಲದೆ ಮದುವೆಯ ಭರವಸೆ ಕೊಟ್ಟೋ ಬೇರೆ ವಂಚನೆಯಿಂದಲೋ ನಡೆಸಿದ ದೈಹಿಕ ಸಂಬಂಧ ಅತ್ಯಾಚಾರವಾಗದಿದ್ದರೂ ಅದಕ್ಕೆ 10 ವರ್ಷಗಳವರೆಗಿನ ಸೆರೆವಾಸ ಮತ್ತು ದಂಡ ವಿಧಿಸುತ್ತದೆ. ಕೆಲಸ ಅಥವಾ ಬಡ್ತಿಯ ಸುಳ್ಳು ಆಸೆ ತೋರುವುದೂ ಗುರುತು ಮರೆಮಾಚಿ ಮದುವೆಯಾಗುವುದೂ ಅದರ ಪ್ರಕಾರ ವಂಚನೆಯೇ. ಭರವಸೆ ಕೊಟ್ಟ ಗಳಿಗೆಯಲ್ಲೇ ಅದು ಸುಳ್ಳಾಗಿತ್ತೇ, ಅಥವಾ ನಿಜವಾಗಿದ್ದುದು ಆಮೇಲೆ ಮುರಿಯಿತೇ ಎಂಬುದನ್ನು ನ್ಯಾಯಾಧೀಶರು ನಿರ್ಣಯಿಸಬೇಕು. ಇದಕ್ಕೆ ಎಲ್ಲೆಡೆ ಸಲ್ಲುವ ಸಿದ್ಧಸೂತ್ರವಿಲ್ಲ, ಪ್ರತಿ ಪ್ರಕರಣವನ್ನೂ ಅದರ ಸಂದರ್ಭದಲ್ಲೇ ತೂಗಬೇಕು ಎಂದು ಸುಪ್ರೀಂ ಕೋರ್ಟ್ ಹಿಂದಿನ ದಂಡಸಂಹಿತೆಯ ಕಾಲದಲ್ಲೇ, 2003ರಲ್ಲಿ, ಕರ್ನಾಟಕದಿಂದ ಬಂದ ಮೇಲ್ಮನವಿಯೊಂದರಲ್ಲಿ ಹೇಳಿತ್ತು. ಸ್ವಾಭಾವಿಕ, ಕೃತಕ ಎಂದು ಒಲವನ್ನು ಎರಡಾಗಿ ವಿಂಗಡಿಸಿದ ವಾತ್ಸ್ಯಾಯನನೂ, ಯಾವುದು ಯಾವುದೆಂದು ಆ ಒಲವಿಗೆ ಪಾತ್ರನಾದವನೇ ಅರಿಯುವುದು ಕಷ್ಟವೆಂದು ಅದೇ ಅಧಿಕರಣದಲ್ಲಿ ಒಪ್ಪಿಕೊಂಡಿದ್ದಾನೆ.