ನೆರವು ಬಂದ ದಾರಿ, ಲೆಕ್ಕ ಬರೆದ ಕೈ: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಿಂದ ಒಂದು ಚರಿತ್ರೆ

ಅಂತರರಾಷ್ಟ್ರೀಯ ಸಂಸ್ಥೆಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಜಿನೀವಾ, ನ್ಯೂಯಾರ್ಕ್, ರೋಮ್ ನಗರಗಳ ಕಚೇರಿಗಳಿಂದ ಓದುತ್ತೇವೆ. ಆ ಸಂಸ್ಥೆಗಳ ನಿಜವಾದ ಗುಣ ತಿಳಿಯಬೇಕಾದರೆ ಅವುಗಳ ಹಣ ಹೋಗಿ ತಲುಪಿದ ಹಳ್ಳಿಯಿಂದಲೂ ಓದಬೇಕು. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕುಗಳು ಅಂಥ ಓದಿಗೆ ಅಪರೂಪದ ಅವಕಾಶ ಕೊಡುತ್ತವೆ. ಕಳೆದ ಅರವತ್ತು ವರ್ಷಗಳಲ್ಲಿ ಹೊರದೇಶದ ದಾನ, ಸ್ವಯಂಸೇವಾ ಸಂಸ್ಥೆಗಳ ದುಡಿಮೆ, ಜಾಗತಿಕ ಬ್ಯಾಂಕಿನ ಯೋಜನೆ ಈ ಮೂರೂ ಇಲ್ಲಿಗೆ ಬಂದಿವೆ. ಮೂರರ ಫಲವೂ ಒಂದೇ ಬಗೆಯದಾಗಿಲ್ಲ. ಏಕೆ ಎಂಬುದೇ ಈ ಲೇಖನದ ಪ್ರಶ್ನೆ.

ಮೊದಲು ಒಂದು ಹಿನ್ನೆಲೆ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ 1951ರಲ್ಲಿ ಕೆಲಸ ಆರಂಭಿಸಿದಾಗ ಅದಕ್ಕೆ ವಿಶ್ವಸಂಸ್ಥೆಯ ಬೊಕ್ಕಸದಿಂದ ದೊರೆತದ್ದು ಆಡಳಿತದ ವೆಚ್ಚ ಮಾತ್ರ. ಉಳಿದುದೆಲ್ಲ ಸ್ವಇಚ್ಛೆಯ ಕೊಡುಗೆಗಳಿಂದ ನಡೆಯಬೇಕಿತ್ತು. ಮಹಾಸಭೆಯ ಒಪ್ಪಿಗೆಯಿಲ್ಲದೆ ಸರ್ಕಾರಗಳ ಮುಂದೆ ಕೈಯೊಡ್ಡುವಂತೆಯೂ ಇರಲಿಲ್ಲ. 1952ರಲ್ಲಿ ಅಮೆರಿಕದ ಫೋರ್ಡ್ ಪ್ರತಿಷ್ಠಾನ 29 ಲಕ್ಷ ಡಾಲರ್ ಕೊಟ್ಟ ಮೇಲೆಯೇ ಯುರೋಪಿನ ನಿರಾಶ್ರಿತರ ನಡುವೆ ಆ ಕಚೇರಿ ಹೇಳಿಕೊಳ್ಳುವಂಥ ಕೆಲಸ ಕೈಗೊಂಡಿತು. ಆ ಹಣವನ್ನು ಬಳಸಿದ್ದು ಬಹುಮಟ್ಟಿಗೆ ಸ್ವಯಂಸೇವಾ ಸಂಸ್ಥೆಗಳ ಮೂಲಕ. ಖಾಸಗಿ ದಾನವು ಅಂತರರಾಷ್ಟ್ರೀಯ ವ್ಯವಸ್ಥೆಗೆ ನಂತರ ಸೇರಿಸಿದ ಅಲಂಕಾರವಲ್ಲ, ಅದು ಅಡಿಪಾಯದ ಕಲ್ಲುಗಳಲ್ಲಿ ಒಂದು.

ಆ ವ್ಯವಸ್ಥೆಯ ನೆರಳು ನಮ್ಮ ನಾಡಿನ ಮೇಲೆ ಬಿದ್ದದ್ದು ಟಿಬೆಟ್ಟಿನ ದುರಂತದ ನಂತರ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಗಡಿ ದಾಟಿದರು. ಸಾವಿರಾರು ಜನ ಅವರನ್ನು ಹಿಂಬಾಲಿಸಿದರು. ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿತು. 1960ರ ದಶಕದ ಆರಂಭದಲ್ಲಿ ಬಂದವರು ಹಿಮದ ನಾಡಿನ ಜನ. ಕಾಡು ಕಡಿದು, ಸೆಕೆ, ರೋಗ, ಆನೆಗಳ ಹಾವಳಿಗಳ ನಡುವೆ ಮುಸುಕಿನ ಜೋಳ ಬೆಳೆಯಲು ಕಲಿತರು. ಸ್ವಿಟ್ಜರ್ಲೆಂಡಿನ ತಾಂತ್ರಿಕ ನೆರವು ಅವರ ಬೇಸಾಯಕ್ಕೆ ಒದಗಿತು. ಪಶ್ಚಿಮದ ಹಲವು ಕ್ರೈಸ್ತ ಸಂಸ್ಥೆಗಳು ಭಾರತದಲ್ಲಿದ್ದ ಟಿಬೆಟನ್ನರಿಗೆ ಕೈಜೋಡಿಸಿದವು. ಬೌದ್ಧ ನಿರಾಶ್ರಿತರಿಗೆ ಮತಾಂತರದ ಷರತ್ತಿಲ್ಲದೆ ಸಂದ ಈ ನೆರವನ್ನು ಗುರುಮಠದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಬೈಲಕುಪ್ಪೆಯಲ್ಲಿ ಅವರ ವಿಹಾರಗಳೇ ಮತ್ತೆ ಎದ್ದು ನಿಂತವು.

1968ರಲ್ಲಿ ಈ ಪುನರ್ವಸತಿಗೆಂದೇ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಮೈರಾಡ, ಹುಟ್ಟಿತು. 1969ರಲ್ಲಿ ಬೈಲಕುಪ್ಪೆಯಲ್ಲಿ ಎರಡನೆಯ ವಸತಿಯೂ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು ವಸತಿಯೂ ನೆಲೆಗೊಂಡವು. ಈ ವಸತಿಗಳು ನಿಂತದ್ದಕ್ಕೆ ಹಣವೊಂದೇ ಕಾರಣವಲ್ಲ. ಟಿಬೆಟನ್ನರಿಗೆ ತಮ್ಮದೇ ಸಹಕಾರ ಸಂಘವಿತ್ತು, ತಮ್ಮದೇ ಆಡಳಿತ ನೇಮಿಸಿದ ವಸತಿ ಅಧಿಕಾರಿಯಿದ್ದ, ತಮ್ಮ ಮಕ್ಕಳಿಗೆ ತಮ್ಮ ಭಾಷೆಯನ್ನು ಕಲಿಸುವ ಶಾಲೆಯಿತ್ತು. ದಾನ ಬಂದದ್ದು ಹೊರಗಿನಿಂದ. ಅದನ್ನು ಬಾಳಾಗಿ ಮಾರ್ಪಡಿಸಿದ ತೀರ್ಮಾನಗಳು ಬಹುಪಾಲು ಒಳಗಿನವು.

ಆದರೆ ಇದೇ ವರ್ಷಗಳ ಇನ್ನೊಂದು ಪುಟವನ್ನು ತಿರುವದೆ ಮುಂದೆ ಹೋಗುವುದು ನ್ಯಾಯವಲ್ಲ. ಗುರುಪುರದಲ್ಲಿ ನಿರಾಶ್ರಿತರಿಗೆ ನೆಲೆ ಸಿಕ್ಕ 1972ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿತು. ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳ ಅನೇಕ ಕುಟುಂಬಗಳು ಆ ದಶಕದಿಂದ ಮುಂದಕ್ಕೆ ನಾಗರಹೊಳೆಯ ಕಾಡಿನಿಂದ ಹೊರಬಿದ್ದವು. 1974ರ ಹೊತ್ತಿಗೆ ಎಚ್.ಡಿ. ಕೋಟೆಯಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ಹಲವು ಹಳ್ಳಿಗಳು ನೀರಿನಡಿ ಸೇರಿದವು. ಇವರಾರೂ ದೇಶದ ಗಡಿ ದಾಟಿರಲಿಲ್ಲ. ಆದ್ದರಿಂದ ಅಂತರರಾಷ್ಟ್ರೀಯ ನಿಯಮದ ಅರ್ಥದಲ್ಲಿ ಇವರು ನಿರಾಶ್ರಿತರಲ್ಲ. ಒಂದೇ ಸೀಮೆಯಲ್ಲಿ, ಒಂದೇ ದಶಕದಲ್ಲಿ, ಮನೆ ಕಳೆದುಕೊಂಡ ಇಬ್ಬರಲ್ಲಿ ಒಬ್ಬನಿಗೆ ಹೆಸರಿತ್ತು, ಇನ್ನೊಬ್ಬನಿಗೆ ಹೆಸರಿರಲಿಲ್ಲ. ಟಿಬೆಟನ್ನರಿಗೆ ಸಂದದ್ದು ಹೆಚ್ಚಾಯಿತೆಂದು ಇದರ ಅರ್ಥವಲ್ಲ. ಕರುಣೆಯೂ ತನ್ನ ಪಟ್ಟಿಯಲ್ಲಿರುವವರನ್ನು ಮಾತ್ರ ಕಾಣುತ್ತದೆ ಎಂಬುದು ಇದರ ಪಾಠ.

ಹೆಸರಿಲ್ಲದವರ ಬಳಿಗೆ ಜಾಗತಿಕ ಸಂಸ್ಥೆ ಬಂದದ್ದು 1996ರಲ್ಲಿ, ಪರಿಸರ ಅಭಿವೃದ್ಧಿ ಯೋಜನೆಯ ರೂಪದಲ್ಲಿ. ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಗಳ ಹಣದಿಂದ ದೇಶದ ಏಳು ಸಂರಕ್ಷಿತ ಅರಣ್ಯಗಳಲ್ಲಿ ನಡೆಯಬೇಕಿದ್ದ ಆ ಯೋಜನೆಯಲ್ಲಿ ನಾಗರಹೊಳೆಯೂ ಒಂದು. ಕಾಡಿನ ಮೇಲಿನ ಜನರ ಅವಲಂಬನೆಯನ್ನು ತಗ್ಗಿಸುವುದು ಅದರ ಉದ್ದೇಶಗಳಲ್ಲೊಂದಾಗಿತ್ತು. 1998ರಲ್ಲಿ ಇಲ್ಲಿನ ಆದಿವಾಸಿಗಳ ಸಂಘಟನೆ ಬ್ಯಾಂಕಿನ ತಪಾಸಣಾ ಮಂಡಳಿಗೆ ದೂರು ಕೊಟ್ಟಿತು: ನಮ್ಮ ಬದುಕಿನ ಯೋಜನೆಯನ್ನು ನಮ್ಮನ್ನು ಕೇಳದೆ ರೂಪಿಸಲಾಗಿದೆ ಎಂಬುದು ಅದರ ತಿರುಳು. ತನಿಖೆ ನಡೆಯಬೇಕೆಂದು ಮಂಡಳಿ ಶಿಫಾರಸು ಮಾಡಿತು. ಬ್ಯಾಂಕಿನ ನಿರ್ದೇಶಕರು ಪೂರ್ಣ ತನಿಖೆಗೆ ಒಪ್ಪಲಿಲ್ಲ. ಹಣಕ್ಕೆ ಇಲ್ಲಿ ಕೊರತೆಯಿರಲಿಲ್ಲ. ಹಾಡಿಯ ಜನರಿಗೆ ತೀರ್ಮಾನದಲ್ಲಿ ಸ್ಥಾನವಿರಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಕಥೆ ಮೈರಾಡದ್ದೇ. ಟಿಬೆಟನ್ನರ ಕೆಲಸ ಮುಗಿಯುತ್ತ ಬಂದಾಗ ಆ ಸಂಸ್ಥೆ ಬಾಗಿಲು ಮುಚ್ಚದೆ ಸ್ಥಳೀಯ ಬಡವರ ಕಡೆಗೆ ತಿರುಗಿತು, ಎಚ್.ಡಿ. ಕೋಟೆಯೂ ಅದರ ಕಾರ್ಯಕ್ಷೇತ್ರಗಳಲ್ಲೊಂದಾಯಿತು. ತಾನು ಬೆಳೆಸಿದ ದೊಡ್ಡ ಸಹಕಾರ ಸಂಘಗಳು 1980ರ ದಶಕದ ನಡುವೆ ಒಡೆಯತೊಡಗಿದವು. ಬಲಿಷ್ಠರ ಹಿಡಿತಕ್ಕೆ ಸಿಕ್ಕ ಸಂಘಕ್ಕೆ ಸಾಲ ಮರಳಿಸಲು ಸದಸ್ಯರು ಒಪ್ಪಲಿಲ್ಲ. ಆದರೆ ಪರಸ್ಪರ ನಂಬಿಕೆಯಿದ್ದ ಚಿಕ್ಕ ಗುಂಪುಗಳಲ್ಲಿ ಒಬ್ಬರಿಗೊಬ್ಬರು ಮರಳಿಸಲು ಸಿದ್ಧರಾದರು. ವಾರದ ಉಳಿತಾಯ, ಗುಂಪಿನದೇ ನಿಯಮ, ಗುಂಪಿನದೇ ಲೆಕ್ಕದ ಪುಸ್ತಕ: ನಾವು ಇಂದು ಸ್ವಸಹಾಯ ಸಂಘ ಎನ್ನುವುದರ ಮೊದಲ ರೂಪಗಳಲ್ಲೊಂದು ಹೀಗೆ ಹುಟ್ಟಿತು. 1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1989ರಲ್ಲಿ ರೋಮ್‌ನ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿ ತಮಿಳುನಾಡಿನ ಮಹಿಳಾ ಯೋಜನೆಯಲ್ಲಿ ಈ ಮಾದರಿಯನ್ನು ಕೈಗೆತ್ತಿಕೊಂಡಿತು. 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಯುರೋಪಿನಿಂದ ಹಳ್ಳಿಗೆ ಹರಿದುಬಂದ ನೆರವಿನ ಹಾದಿಯಲ್ಲಿಯೇ ಈಗ ಹಳ್ಳಿಯ ಅರಿವು ರೋಮ್‌ನತ್ತ ಹರಿಯಿತು.

ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ನಡೆಸಿದ ವಂತಿಗೆಯನ್ನು ಈ ಬೆಳಕಿನಲ್ಲಿ ಮತ್ತೆ ಓದಬಹುದು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಅವರು ಹಣದ ಮೊತ್ತವನ್ನು ಕುರಿತು ಮಾತನಾಡುವುದಿಲ್ಲ. ಅವರ ಗುರಿ ಸಮಾನತೆ: ಇಂದು ಇವರ ಸಮೃದ್ಧಿ ಅವರ ಕೊರತೆಗೆ, ನಾಳೆ ಅವರ ಸಮೃದ್ಧಿ ಇವರ ಕೊರತೆಗೆ. ಹಣ ಕೊಂಡೊಯ್ಯುವಾಗ ಸಭೆಗಳೇ ಆರಿಸಿದ ಒಬ್ಬನನ್ನು ಅವರು ಜೊತೆಗಿರಿಸಿಕೊಳ್ಳುತ್ತಾರೆ. ತಮ್ಮ ಪ್ರಾಮಾಣಿಕತೆ ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಕಾಣಬೇಕೆಂಬ ಎಚ್ಚರ ಅವರದು. ರೋಮನರಿಗೆ ಬರೆದ ಪತ್ರದಲ್ಲಿ ಕೊಡುವವರನ್ನೇ ಅವರು ಸಾಲಗಾರರೆಂದು ಕಾಣುತ್ತಾರೆ. ಪಡೆಯುವವನ ಬಳಿ ಕೊಡಲು ಏನೂ ಇಲ್ಲವೆಂದು ನಂಬಿದ ದಾನವು ಪೌಲರ ಅರ್ಥದಲ್ಲಿ ದಾನವೇ ಅಲ್ಲ. ವಿಶ್ವಗುರು ಹನ್ನೊಂದನೆಯ ಪಿಯುಸ್ 1931ರ ವಿಶ್ವಪತ್ರದಲ್ಲಿ ಬೋಧಿಸಿದ ತತ್ತ್ವವೂ ಇದಕ್ಕೆ ಹೊಂದುತ್ತದೆ: ಚಿಕ್ಕ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡದು ಕಸಿದುಕೊಳ್ಳುವುದು ಅನ್ಯಾಯ.

ಈ ಚರಿತ್ರೆ ನಮಗೆ ದೂರದ್ದಲ್ಲ. 1976ರ ವಿದೇಶಿ ದೇಣಿಗೆ ಕಾನೂನು 2010ರಲ್ಲಿ ಹೊಸದಾಯಿತು; 2020ರ ತಿದ್ದುಪಡಿ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನೇ ನಿಷೇಧಿಸಿತು. ಧರ್ಮಪ್ರಾಂತ್ಯಗಳ ಸಮಾಜಸೇವಾ ಸಂಸ್ಥೆಗಳಲ್ಲಿ ನಾಳೆ ಹೊಣೆ ಹೊರಲಿರುವ ಯಾಜಕರಿಗೆ ಇದು ನೇರವಾಗಿ ತಟ್ಟುವ ಸಂಗತಿ. ಹೊರಗಿನ ಕೊಡುಗೆ ತೆಳುವಾದಾಗ ಏನು ಉಳಿಯುತ್ತದೆ? ಕಟ್ಟಡ, ನಾಮಫಲಕಗಳು ಉಳಿಯಬಹುದು. ಆದರೆ ಬಾಳುವುದು ಜನ ತಾವೇ ಕೂಡಿಸಿದ ಉಳಿತಾಯ, ತಾವೇ ಬರೆದ ನಿಯಮ. ಆದುದರಿಂದ ಮುಂದೆ ಯಾವುದೇ ನೆರವಿನ ಪ್ರಸ್ತಾವ ಧರ್ಮಕೇಂದ್ರದ ಮೇಜಿಗೆ ಬಂದಾಗ ಎಷ್ಟು ಹಣ ಎಂದು ಕೇಳುವ ಮೊದಲು ಎರಡು ಪ್ರಶ್ನೆಗಳನ್ನು ಕೇಳೋಣ: ಈ ಪಟ್ಟಿಯಲ್ಲಿ ಯಾರ ಹೆಸರಿಲ್ಲ? ಲೆಕ್ಕದ ಪುಸ್ತಕ ಯಾರ ಕೈಯಲ್ಲಿರುತ್ತದೆ?